ಹೊಲಿಗೆಗೆ ಬಿಟ್ಟ ಅರ್ಧ

ನಮ್ಮ ಮನೆಯ ಕೆಳಗಿನ ಅಂಗಡಿಯ ಟೈಲರನ್ನು ಬೀದಿಯವರೆಲ್ಲ ‘ನಾಳೆ’ ಎಂದೇ ಕರೆಯುತ್ತಿದ್ದರು. ಯಾವ ಬಟ್ಟೆ ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಸೊಂಟ ಸಡಿಲಿಸಲು ಕೊಟ್ಟ ನನ್ನ ಕಂದು ಪ್ಯಾಂಟು ಅವನ ಕಪಾಟಿನಲ್ಲಿ ಎಷ್ಟು ಕಾಲ ಕೂತಿತ್ತೆಂದರೆ, ಅಷ್ಟರಲ್ಲಿ ನನ್ನ ಹೊಟ್ಟೆ ಹೊಸ ಅಳತೆ ಕೇಳುವಷ್ಟು ಬೆಳೆದಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮಗಳ ಹೋಮ್‌ವರ್ಕ್ ಅವನ ತಲೆಗೆ ಬಂತು. ಅಲ್ಲಿಯವರೆಗೆ ಅದು ಪೂರ್ತಿ ಅಮ್ಮನ ಇಲಾಖೆ. ಹುಡುಗಿಯ ಚಿಕ್ಕಮ್ಮ ಬೇರೆ ಊರಿನಲ್ಲಿ ಟೀಚರು. ಆಕೆ ಬಂದು ಕಡ್ಡಿ ಮುರಿದಂತೆ ಹೇಳಿದಳು: “ಭಾವ, ಅರ್ಧವಾರ್ಷಿಕ ಪರೀಕ್ಷೆವರೆಗೆ ನೋಡ್ತೀನಿ. ಲೆಕ್ಕದಲ್ಲಿ ಫೇಲಾದ್ರೆ ಪುಟ್ಟಿನ ನಾನು ಕರ್ಕೊಂಡು ಹೋಗ್ತೀನಿ.”

ಅಂದಿನಿಂದ ಬಟ್ಟೆ ಮಾತ್ರ ನಾಳೆ, ಹೋಮ್‌ವರ್ಕ್ ಇವತ್ತೇ. ಮಗಳ ಗಣಿತ ಪುಸ್ತಕದ ಇನ್ನೊಂದು ಪ್ರತಿ ತಂದುಕೊಂಡ. ಮಧ್ಯಾಹ್ನ ಮಹಡಿ ಹತ್ತಿ ನನ್ನಿಂದ ಕಲಿಯುವುದು, ಸಂಜೆ ಅದನ್ನೇ ಅವಳಿಗೆ ಕಲಿಸುವುದು. ನನ್ನಂತೆ ಪುಸ್ತಕ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆಂದು ಅವನ ನಂಬಿಕೆ. ನನಗೂ ಗಣಿತಕ್ಕೂ ಇರುವುದು ಎಣ್ಣೆ ಸೀಗೇಕಾಯಿ ಸಂಬಂಧ. ಹೇಗೋ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಭಿನ್ನರಾಶಿ ದಾಟಿದೆವು.

ಉದ್ದ, ಅಗಲ, ಸುತ್ತಳತೆಯ ಪಾಠ ಬಂದಾಗ ಅವನ ಮುಖ ಅರಳಿತು. ಇದು ತನಗೇ ಬರುತ್ತದೆಂದು ಪುಸ್ತಕ ಮಡಿಚಿ ಇಳಿದುಹೋದ. ಕೊರಳಿನ ಟೇಪು ಹಿಡಿದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪಾಠ ಮಾಡಿದ. ಲೆಕ್ಕವೆಲ್ಲ ಸರಿಯೇ. ಆದರೆ ಬಂದ ಪ್ರತಿ ಉತ್ತರಕ್ಕೂ ಒಂದು ಅರ್ಧ ಸೇರಿಸಲು ಹೇಳಿದ. ಹೊಲಿಗೆಗೆಂದು ಅಂಚಿನಲ್ಲಿ ಅರ್ಧ ಇಂಚು ಬಿಡದಿದ್ದರೆ ಬಟ್ಟೆ ಬಿಗಿಯಾಗುವುದಿಲ್ಲವೇ?

ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಅದೇ ಪಾಠ. ತೋಟದ ಬೇಲಿ, ಕೋಣೆಯ ಗೋಡೆ, ಆಟದ ಮೈದಾನ, ಎಲ್ಲಕ್ಕೂ ಪುಟ್ಟಿ ಹೊಲಿಗೆಗೆ ಬಿಟ್ಟಿದ್ದಳು. ಫೇಲಾದಳು.

ಚಿಕ್ಕಮ್ಮ ಬಂದು, ಶಾಲೆಯಲ್ಲಿ ಸರಿಯಾಗಿ ಹೇಳಿಕೊಡಲಿಲ್ಲವೇ ಎಂದು ಕೇಳಿದಳು. ಹೇಳಿಕೊಟ್ಟಿದ್ದರಂತೆ. ಹಾಗೆ ಸೇರಿಸಬಾರದೆಂದು ಹುಡುಗಿಗೆ ಗೊತ್ತೂ ಇತ್ತಂತೆ.

“ಮತ್ತೆ ಯಾಕೆ ಸೇರಿಸ್ದೆ?”

“ಅಪ್ಪ ಅಷ್ಟು ಕಷ್ಟಪಟ್ಟು ಹೇಳ್ಕೊಟ್ಟಿದ್ರು.”

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಗಳಿಗೆಯಲ್ಲಿ ಅವನು ಒಂದು ಮಾತು ಬೇಡಿಕೊಂಡಿದ್ದರೂ ಪುಟ್ಟಿಯನ್ನು ಇಲ್ಲೇ ಬಿಟ್ಟುಹೋಗುತ್ತಿದ್ದಳೇನೋ. ಅವನೇ ಹೇಳಿದ: “ಕರ್ಕೊಂಡು ಹೋಗಮ್ಮ. ಇಲ್ಲಿದ್ರೆ ನನಗೋಸ್ಕರ ಇವಳು ತಪ್ಪೇ ಬರೀತಾಳೆ.”

ಹೊಸ ಶಾಲೆಯ ನೀಲಿ ಸ್ಕರ್ಟನ್ನು ಅವತ್ತೇ ಹೊಲಿದ. ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಿಚಿಟ್ಟು, ಬೆಳೆದಂತೆಲ್ಲ ತಾನೇ ಬಿಚ್ಚಿಕೊಡುತ್ತೇನೆ, ರಜಕ್ಕೆ ಬರುವಾಗ ತರಬೇಕು ಎಂದ.

ರಜಕ್ಕೆ ಪುಟ್ಟಿ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಪಾಸಾಗಿದ್ದಳು, ಉದ್ದವಾಗಿದ್ದಳು. ಸ್ಕರ್ಟೂ ತಂದಿದ್ದಳು. ಅದರ ಮಡಿಕೆ ಆಗಲೇ ಬಿಚ್ಚಿತ್ತು, ಇಸ್ತ್ರಿಯೂ ಆಗಿತ್ತು. ಅವನು ಅಂಚನ್ನು ತಿರುಗಿಸಿ ಬೆರಳಾಡಿಸಿದ.

“ನಿನ್ನ ಚಿಕ್ಕಮ್ಮ ನೀಟಾಗಿ ಬಿಚ್ಚಿದಾಳೆ.”

ಬೆಳಿಗ್ಗೆಯೇ ನೀಲಿ ದಾರ ಪೋಣಿಸಿ ಅಂಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತ. ಆಮೇಲೆ ಕಪಾಟಿನಿಂದ ನನ್ನ ಪ್ಯಾಂಟು ಎಳೆದ.

“ಕೂತ್ಕೊಳ್ಳಿ ಸಾರ್, ಇವತ್ತೇ ಮಾಡ್ಕೊಡ್ತೀನಿ.”

ಆ ಕಂದು ಪ್ಯಾಂಟಿನ ಸೊಂಟದಲ್ಲಿ ಇಂದಿಗೂ ನೀಲಿ ದಾರವೇ ಇದೆ.