ಎಡಗೈಯ ಕೀಬೋರ್ಡು

ನಂಜನಗೂಡಿನಲ್ಲಿ ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರು, ಒಂದು ಸದ್ದಿಗೆ ಒಂದೇ ಅಕ್ಷರವಿರುವ ಹೊಸ ಇಂಗ್ಲಿಷ್ ವರ್ಣಮಾಲೆ ಮಾಡಿದ್ದರು. ಅದಕ್ಕೊಂದು ಕೀಬೋರ್ಡೂ ಬೇಕಲ್ಲ, ಕ್ಯಾಲೆಂಡರ್ ಹಾಳೆಯಲ್ಲಿ ಅಕ್ಷರ ಬರೆದು ಕಂಪ್ಯೂಟರಿನ ಕೀಗಳ ಮೇಲೆ ಅಂಟಿಸಿದರು. ಯಾವ ಅಕ್ಷರ ಎಲ್ಲಿಗೆ ಅಂತ ಕೇಳಿದರೆ, "ಬೆರಳನ್ನ ಕೇಳ್ರೀ" ಅನ್ನುವರು. ಹೂ ಕಟ್ಟುತ್ತಿದ್ದ ಹೆಂಡತಿಯನ್ನು ಕರೆದು, ಒಂದೊಂದೇ ಸದ್ದು ಹೇಳಿ ಒತ್ತಿಸುವರು. ಆಕೆಯ ಬೆರಳು ತಡವರಿಸಿದರೆ ಕಿತ್ತು ಬೇರೆ ಕಡೆ ಅಂಟಿಸುವರು.

ನರಸೀಪುರದ ಇನ್ನೊಬ್ಬ ಟೈಪಿಂಗ್ ಮೇಷ್ಟ್ರು ಒಮ್ಮೆ ಬಂದು ಒತ್ತಿ ನೋಡಿ, "ಇದೇನ್ ಸಾ, ಎಲ್ಲಾ ಎಡಗೈಗೇ ಹಾಕಿದ್ದೀರಿ" ಎಂದರು.

"ನಮ್ಮನೆಯವ್ರು ಎಡಗೈಯವ್ರು ಕಣ್ರೀ" ಎಂದ ನಮ್ಮ ಮೇಷ್ಟ್ರು, ಹೆಂಡತಿಯನ್ನು ಕೂರಿಸಿ ಒಂದು ಇಂಗ್ಲಿಷ್ ಸಾಲು ಹೇಳಿದರು.

ಎಡಗೈಯಲ್ಲಿ ಬರೆದಿದ್ದಕ್ಕೆ ಏಟು ತಿಂದು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಆಕೆ, ಕೇಳಿದ ಹಾಗೇ ಒಂದೂ ತಪ್ಪಿಲ್ಲದೆ ಒತ್ತಿ, ಮತ್ತೆ ಹೂ ಕಟ್ಟಲು ಹೋದರು.

ಪರದೆಯ ಮೇಲಿನ ಆ ಸಾಲನ್ನು ನಮ್ಮ ಮೇಷ್ಟ್ರು ಒಂದು ವಾರ ಅಳಿಸಲಿಲ್ಲ.