ಅಪ್ಪನ ಅಂಬಾಸಿಡರಿಗೆ ಹೊಸ ಬ್ಯಾಟರಿ

ನನ್ನ ಅಪ್ಪ ಭೀಮಶಿ ಸಿಟ್ಟಿನ ಮನುಷ್ಯ ಎಂದು ಊರೆಲ್ಲ ಹೇಳುತ್ತದೆ. ಅವನಿಗೆ ಸಿಟ್ಟು ತರಿಸಿದವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಗಳು ಯಶೋಧಾ ನಾನಿದ್ದೇನೆ, ಹೇಳುತ್ತೇನೆ.

ಕಟಕೋಳದಿಂದ ಆಚೆ ನಮ್ಮೂರು. ಅಪ್ಪ ಮೂವತ್ತು ವರ್ಷ ಸರಕಾರಿ ಜೀಪು ಓಡಿಸಿದ. ನಿವೃತ್ತಿಯಾದ ಮೇಲೆ ಹರಾಜಿನಲ್ಲಿ ಒಂದು ಬಿಳಿ ಅಂಬಾಸಿಡರ್ ಹಿಡಿದ. ಬಾಡಿಗೆಗಲ್ಲ. ನಮ್ಮ ಕೇರಿಯ ಮದುಮಕ್ಕಳು ಅದರಲ್ಲಿ ಕೂತು ಊರ ದೊಡ್ಡ ಬೀದಿಯಲ್ಲಿ ಮೆರವಣಿಗೆ ಹೋಗಬೇಕು ಎಂದು. ಅಪ್ಪನ ಮದುವೆಯ ಕಾಲಕ್ಕೆ ಆ ಬೀದಿಯಲ್ಲಿ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು.

ಹೋದ ವರ್ಷ ಕೇರಿಯ ಕಾಂತೇಶನ ಮೆರವಣಿಗೆಯಲ್ಲಿ ಗಾಡಿ ಊರ ಬಾಗಿಲಿನ, ಅಂದರೆ ಅಗಸಿಯ, ಕಟ್ಟೆಯ ಮುಂದೆಯೇ ನಿಂತುಬಿಟ್ಟಿತು. ಹಳೆಯ ಗಾಡಿಗೆ ಡೈನಮೊ. ಎಂಜಿನ್ ಜೋರಾಗಿ ತಿರುಗಿದರಷ್ಟೇ ಅದು ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಮೆರವಣಿಗೆಯೋ ಹೆಜ್ಜೆಗೊಮ್ಮೆ ನಿಲ್ಲುವಂಥದ್ದು. ಸಾಲದ್ದಕ್ಕೆ ನಮ್ಮವರು ಸೌಂಡ್ ಬಾಕ್ಸು, ಲೈಟಿನ ಸರ ಎಲ್ಲವನ್ನೂ ಅದೇ ಸಣ್ಣ ಬ್ಯಾಟರಿಗೆ ಸಿಕ್ಕಿಸಿದ್ದರು. ಕಟ್ಟೆಯ ಮೇಲಿದ್ದ ದೊಡ್ಡ ಬೀದಿಯ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬನೂ ಏಳಲಿಲ್ಲ. "ಕತ್ತೆ ಕಟ್ರಿ, ಎಳೀತಾವು" ಎಂದು ಒಬ್ಬ ನಕ್ಕ. ಬಾಸಿಂಗ ಕಟ್ಟಿಕೊಂಡಿದ್ದ ಕಾಂತೇಶನೇ ಇಳಿದು ಗಾಡಿ ದಬ್ಬಿದ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಈ ಸಲ ನನ್ನ ಕಾಕಾನ ಮಗಳು ಪೂನಮ್‌ಳ ಮದುವೆ. ಎರಡು ದಿನ ಮೊದಲು ಅಪ್ಪ ಹಳೆಯ ಬ್ಯಾಟರಿ ಹೊತ್ತು, ನನ್ನನ್ನೂ ಕರೆದುಕೊಂಡು, ಬೈಲಹೊಂಗಲದಲ್ಲಿ ಅದನ್ನು ಕೊಟ್ಟಿದ್ದ ಅಂಗಡಿಗೇ ಹೋದ.

"ಭೀಮಶಿ, ನಾ ಕೊಟ್ಟಿದ್ದು ಚಲೋನ ಇತ್ತು. ನಿನ್ನ ಗಾಡೀನ ಹಳೇ ಡಬ್ಬಾ" ಎಂದ ಅಂಗಡಿಯ ಶಂಕರೆಪ್ಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಾಯಿಗೆ ಬಂದದ್ದು ಏಕವಚನ. ಮತ್ತೆ ಅಂಥದ್ದೇ ಒಂದು ಸಣ್ಣದನ್ನು ತಂದಿಟ್ಟ.

ಅಪ್ಪ ಕಿಸೆಯಿಂದ ಮೂರು ಗಂಟಿನ ದಾರ ತೆಗೆದ. ಬ್ಯಾಟರಿ ಕೂರುವ ತಟ್ಟೆಯ ಉದ್ದಕ್ಕೊಂದು ಗಂಟು, ಅಗಲಕ್ಕೊಂದು, ಬಾನೆಟ್ಟಿನವರೆಗಿನ ಎತ್ತರಕ್ಕೊಂದು.

"ಇದು ಸಣ್ಣ ಕಾರಿಂದ್ರಿ. ಮೆರವಣಿಗ್ಯಾಗ ಲೈಟು, ಹಾಡು ನಡೀಬೇಕು, ನನಗ ಡೀಸೆಲ್ ಗಾಡೀಗೆ ಹಾಕೂ ದೊಡ್ಡದು ಬೇಕು. ಪ್ಲಸ್ ಈ ಕಡೆ ಇರಬೇಕು, ಇಲ್ಲಾಂದ್ರ ವಾಯರ್ ಮುಟ್ಟೂದಿಲ್ಲ."

"ಅಷ್ಟು ದೊಡ್ಡದು ಯಾಕ ನಿನಗ? ಮೆರವಣಿಗಿ ಏನ್ ಮಾಡ್ತಿ, ಸುಮ್ನ ಮನಿ ಮುಂದ ಅಕ್ಕಿಕಾಳ ಹಾಕಿ ಮುಗಸು."

ಅಪ್ಪ ದಾರವನ್ನು ಬೆರಳಿಗೆ ಸುತ್ತಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ನಿಮ್ಮ ಕಡೆ ಬ್ಯಾಟರಿ ಕೇಳಾಕ ಬಂದೇನ್ರಿ, ಬುದ್ಧಿ ಕೇಳಾಕಲ್ಲ."

ಮೂರು ಬ್ಯಾಟರಿಗೆ ದಾರ ಹಿಡಿದು ಬೇಡವೆಂದ. ನಾಲ್ಕನೆಯದು ಅಳತೆಗೆ ಕೂತಿತು. ಮೀಟರ್ ಹಚ್ಚಿಸಿ ಮುಳ್ಳು ತಾನೇ ನೋಡಿದ ಮೇಲೆಯೇ ಅದನ್ನು ಹೊತ್ತುಕೊಂಡ.

ಮದುವೆಯ ದಿನ ಸಂಜೆ ಮೆರವಣಿಗೆ ಅಗಸಿಗೆ ಬಂತು. ಕಟ್ಟೆಯ ಮೇಲೆ ಅದೇ ಮಂದಿ. ಸರಿಯಾಗಿ ಅವರ ಮುಂದೆ ಎಂಜಿನ್ ಸದ್ದು ನಿಂತಿತು. ಅಪ್ಪನ ಪಕ್ಕದಲ್ಲಿ ಕೂತಿದ್ದ ನಾನು ಇಳಿದು ದಬ್ಬಲು ಬಾಗಿಲಿಗೆ ಕೈ ಹಾಕಿದೆ.

"ದೊಡಪ್ಪಾ, ಬಂದ್ ಬಿತ್ತೇನು?" ಹಿಂದಿನ ಸೀಟಿನಿಂದ ಪೂನಮ್ ಕೇಳಿದಳು.

"ಇಲ್ಲವಾ, ನಾನಽ ಬಂದ್ ಮಾಡೇನಿ. ಎರಡು ಹಾಡು ಮುಗೀಲಿ, ಕುಂಡ್ರು."

ಲೈಟುಗಳು ಉರಿಯುತ್ತಲೇ ಇದ್ದವು. ಹಾಡು ನಿಲ್ಲಲಿಲ್ಲ. ಅಪ್ಪ ಕಿಟಕಿಯ ಗಾಜು ಇಳಿಸಿ ಕಟ್ಟೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿದ, ನಗಲಿಲ್ಲ. ಅವರಲ್ಲೂ ಯಾರೂ ನಗಲಿಲ್ಲ. ಎರಡನೆಯ ಹಾಡು ಮುಗಿದ ಮೇಲೆ ಚಾವಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಆಮೇಲೂ ಅವನು ಅವಸರ ಮಾಡಲಿಲ್ಲ. ಮೊದಲ ಗೇರಿನಲ್ಲೇ, ಮುದುಕರು ನಡೆಯುವುದಕ್ಕಿಂತ ನಿಧಾನವಾಗಿ, ಆ ಬೀದಿಯ ಕೊನೆಯ ಮನೆಯವರೆಗೂ ಒಯ್ದ.