ಬೆಲ್ಲಿಗೆ ಹಾಕಿದ ಕೊಸರು

ಟುಂಯ್, ಟುಂಯ್ ಟುಂಯ್. ಮೊದಲು ಗಟ್ಟಿಯಾಗಿ, ಆಮೇಲೆ ಎರಡು ಸಲ ಮೆಲ್ಲಗೆ. ನನ್ನ ತಮ್ಮ ಮಾಡಿದ ವೈರ್‌ಲೆಸ್ ಬೆಲ್ಲಿನ ಸದ್ದು ಅದು. ಹಾಸಿಗೆ ಹಿಡಿದ ಅಮ್ಮನಿಗೆ ಕೂಗುವ ಶಕ್ತಿ ಹೋದಾಗ, ಸಂತೇಬೆನ್ನೂರಿನ ತನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಮಾಡಿದ್ದ. ಬಟನ್ ಅಮ್ಮನ ದಿಂಬಿನ ಹತ್ತಿರ, ಬೆಲ್ಲು ಅಡಿಗೆಮನೆಯಲ್ಲಿ. ಅಮ್ಮ ಹೋದಮೇಲೆ ಹೊನ್ನಾಳಿ, ಜಗಳೂರಿನ ಮನೆಗಳಿಂದಲೂ ಕೇಳಿಕೊಂಡು ಬಂದರು. ಬೆಲ್ಲು ಮಾಡಲು ಚನ್ನಗಿರಿಯಲ್ಲಿ ಒಂದು ಶೆಡ್ ಹಾಕಿದ.

ಕೆಲವು ವರ್ಷಗಳ ಹಿಂದೆ ಯುರೋಪಿನ ವ್ಯಾಪಾರಿಯೊಬ್ಬ ಈ ಬೆಲ್ಲು ನೋಡಿ, ತಮ್ಮ ಕಡೆಯ ವೃದ್ಧಾಶ್ರಮಗಳಿಗೆ ಬೇಕು ಅಂದ. ಬೇಕು ಅಂದರೆ ಸಾಲದು, ಅಪ್ರೂವಲ್ ಆಗಬೇಕು. ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್, ಎಲ್ಲಕ್ಕೂ ಅಲ್ಲಿಯವರ ಲಿಮಿಟ್ ಇತ್ತು.

"ಅಕ್ಕಾ, ನಿಮ್ಮ ಕಾನ್ವೆಂಟಿನ ಸಿಸ್ಟರುಗಳು ಬೆತ್ತ ಹಿಡಕೊಂಡು ಕಲಿಸಿದ ಇಂಗ್ಲಿಷು ಈಗ ಕೆಲಸಕ್ಕೆ ಬಂತು ನೋಡು," ಅಂದ. ನ್ಯಾಮತಿಯಿಂದ ಬಸ್ಸು ಹತ್ತಿ ಹೋದೆ. ಶೆಡ್ಡಿನ ಸ್ಟೂಲಿನ ಮೇಲೆ ಕೂತು ಆ ರೂಲ್ಸನ್ನೆಲ್ಲ ಪ್ರೇಯರ್ ಬುಕ್ ಓದಿದಷ್ಟೇ ಭಕ್ತಿಯಿಂದ ಓದಿ ಹೇಳಿದೆ. ಎಂಥಾ ಲವ್ಲೀ ದಿನಗಳು ಅವು!

ಬೆಂಗಳೂರಿನ ಲ್ಯಾಬಿಗೆ ಹೋದ ಸ್ಯಾಂಪಲ್ ಫೇಲಾಯಿತು. ಪವರ್ ಜಾಸ್ತಿ.

"ಮೊದಲಿನ ಬೆಲ್ಲು ಲಿಮಿಟ್ ಒಳಗೇ ಇತ್ತಲ್ಲೋ!"

ಅವನು ತಲೆ ಕೆರೆದುಕೊಂಡ. "ದೂರದೋರು, ಮೊದಲನೇ ವ್ಯಾಪಾರ. ಒಂಚೂರು ಕೊಸರು ಹಾಕ್ದೆ ಅಕ್ಕಾ."

ಸಂತೆಯಲ್ಲಿ ತೂಕ ಆದಮೇಲೂ ಒಂದು ಹಿಡಿ ಮೆಣಸಿನಕಾಯಿ ಮೇಲೆ ಹಾಕುತ್ತಾರಲ್ಲ, ಹಾಗೆ ಇನ್ನಷ್ಟು ದೂರ ಕೇಳಲಿ ಅಂತ ಪವರ್ ಹೆಚ್ಚಿಸಿ ಕಳಿಸಿದ್ದ!

"ಜಾಸ್ತಿ ಕೊಟ್ರೆ ಬ್ಯಾಡ ಅನ್ನೋ ಗಿರಾಕಿನ ಎಲ್ಲಾದ್ರೂ ಕಂಡೀಯೇನು?"

"ಅಲ್ಲಿ ಪಕ್ಕದ ಮನೆ ಗ್ಯಾರೇಜು, ಕಾರಿನ ಕೀ ಎಲ್ಲಾ ಅದೇ ಗಾಳಿಯಾಗೆ ಮಾತಾಡ್ತಾವೆ ಕಣೋ. ನಿಂದೊಂದೇ ಅರಚ್ತಾ ಇದ್ರೆ ಉಳಿದೋರ ಗತಿ ಹೆಂಗೆ?"

ಅವನ ಮುಖ ನೋಡಿ ನಗು ಬರಲಿಲ್ಲ. ಆಗಲೇ ಅವನ ಹಾರ್ಟ್ ವೀಕಾಗಿತ್ತು. ಅಮ್ಮನ ಬೆಲ್ಲು ಪರದೇಶದ ಯಾರೋ ಒಬ್ಬ ಅಜ್ಜಿಯ ದಿಂಬಿನ ಪಕ್ಕ ಇರಬೇಕು ಅನ್ನುವುದೇ ಅವನಿಗಿದ್ದ ಆಸೆ. ವ್ಯಾಪಾರಿ ಇನ್ನೊಂದೇ ಚಾನ್ಸ್ ಕೊಟ್ಟಿದ್ದ. ಕೊಟ್ಟ ಕೊಸರನ್ನು ವಾಪಸ್ ತೆಗೆಯುವುದು ಅವನಿಗೆ ಎಷ್ಟು ಕಷ್ಟವಾಯಿತೋ, ತೆಗೆದ.

ಪಾಸಾಯಿತು. ಸುದ್ದಿ ಕೇಳಿ ಮೈಸೂರುಪಾಕು ಕಟ್ಟಿಸಿಕೊಂಡು ಚನ್ನಗಿರಿಗೆ ಹೋದೆ. ಮೊದಲ ಪೆಟ್ಟಿಗೆಗಳು ಆಗಲೇ ಲಾರಿ ಹತ್ತಿದ್ದವು. ಸಂಜೆ ಹೊರಟಾಗ ಹೊಸ ಬೆಲ್ಲೊಂದನ್ನು ನನ್ನ ಬ್ಯಾಗಿಗೆ ಹಾಕಿ, ಬಟನ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತ.

"ನೀನು ನಡಿ, ನಾನು ಒತ್ತುತಾ ಇರ್ತೀನಿ. ಎಲ್ಲಿ ತನಕ ಕೇಳ್ತೈತೆ ನೋಡು."

ಟುಂಯ್, ಟುಂಯ್ ಟುಂಯ್. ಟೀ ಅಂಗಡಿಯವರೆಲ್ಲ ನನ್ನ ಬ್ಯಾಗಿನ ಕಡೆ ನೋಡಿದರು. ಹಿಟ್ಟಿನ ಗಿರಣಿ ದಾಟುತ್ತಲೇ ಸದ್ದು ನಿಂತಿತು. ತಿರುಗಿ ನೋಡಿದೆ. ಅವನು ಬಟನ್ ಎತ್ತಿ ಹಿಡಿದು ಇನ್ನೂ ಒತ್ತುತ್ತಲೇ ಇದ್ದ. ಸಾಕು, ಕೇಳಿಸ್ತಾ ಇಲ್ಲ ಅಂತ ಕೈ ಆಡಿಸಿದೆ. ಅವನು ಅದನ್ನು ಟಾಟಾ ಅಂದುಕೊಂಡು, ನಗುತ್ತಾ ತಾನೂ ಕೈ ಬೀಸಿದ.

ಅವನನ್ನು ನೋಡಿದ್ದು ಅದೇ ಕೊನೆ.